ಮೊರಿಬಿಟೊ ನೋಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಒಳ್ಳೆಯ ಫ್ಯಾಂಟಸಿ ಅನಿಮೆ (ಜಪಾನಿನ ಅನಿಮೇಷನ್) ಹೇಳಿ ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವ ಹೆಸರು ‘ಸೇಯ್‌ರೇ ನೊ ಮೊರಿಬಿಟೊ’. ಹೆಚ್ಚಿನವರು ‘ಅದ್ಯಾವುದು?’ ಅಂತಾರೆ. ಆಮೇಲೆ ಪ್ರಶ್ನೆಗಳ ಸರಮಾಲೆ. ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುವುದರಿಂದ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುವ ಕಡೆ ಮೊದಲೇ ಹೇಳಿದ್ದೇನೆ.

ಇದು ಯಾವ ಕಾಲದ ಸರಣಿ? ಯಾರು ಮಾಡಿದ್ದು?

2007ರದ್ದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಎನ್‌ಎಚ್‌ಕೆ ಸ್ಯಾಟಲೈಟ್ ಚಾನೆಲ್‌ನಲ್ಲಿ ಬಂತು. ಒಟ್ಟು 26 ಕಂತು. ಮಾಡಿದ ಸ್ಟುಡಿಯೊ ಪ್ರೊಡಕ್ಷನ್ ಐಜಿ, ನಿರ್ದೇಶಕ ಕೆಂಜಿ ಕಾಮಿಯಾಮಾ. ‘ಘೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಮಾಡಿದವರು ಇವರೇ. ರೋಬೊ, ಹ್ಯಾಕಿಂಗ್, ಪೊಲೀಸ್ ಕಥೆ ಹೇಳುತ್ತಿದ್ದವರು ಇದ್ದಕ್ಕಿದ್ದಂತೆ ಗದ್ದೆ, ನದಿ, ನೀರಿನ ದೇವತೆ ಅಂತ ಹೊರಟರು. ಸಂಗೀತ ಕೆಂಜಿ ಕಾವಾಯ್ ಅವರದ್ದು. ಮೂಲ ಕಾದಂಬರಿ ಬರೆದವರು ನಾಹೊಕೊ ಉಯೆಹಾಶಿ, 1996ರಲ್ಲಿ.

ಕಥೆ ಏನು? ಸ್ಪಾಯ್ಲರ್ ಬೇಡ.

ಬಾಲ್ಸಾ ಎಂಬುವವಳು ಈಟಿ ಹಿಡಿದು ಊರೂರು ಅಲೆಯುವ ಬಾಡಿಗಾರ್ಡ್. ಕಾನ್ಬಾಲ್ ಎಂಬ ಬೆಟ್ಟದ ನಾಡಿನವಳು. ಹೊಸ ಯೊಗೊ ಸಾಮ್ರಾಜ್ಯದ ರಾಜಧಾನಿಗೆ ಬರುವ ದಾರಿಯಲ್ಲಿ, ಎತ್ತಿನ ಬಂಡಿಯಿಂದ ನದಿಗೆ ಬಿದ್ದ ಒಬ್ಬ ಹುಡುಗನನ್ನು ಕಾಪಾಡುತ್ತಾಳೆ. ಅವನು ಎರಡನೇ ರಾಜಕುಮಾರ ಚಗುಂ. ಅದೇ ರಾತ್ರಿ ಅವನ ತಾಯಿ ಬಾಲ್ಸಾಳನ್ನು ಅರಮನೆಗೆ ಕರೆಸಿ, ಊಟ ಹಾಕಿ, ಆಮೇಲೆ ವಿಷಯಕ್ಕೆ ಬರುತ್ತಾಳೆ: ಹುಡುಗನ ಮೈಯಲ್ಲಿ ಏನೋ ಸೇರಿಕೊಂಡಿದೆ, ಅವನ ಅಪ್ಪ, ಅಂದರೆ ದೇವರ ಸಮಾನನಾದ ಚಕ್ರವರ್ತಿ ಮಿಕಾದೊನೇ ಅವನನ್ನು ಗುಟ್ಟಾಗಿ ಕೊಲ್ಲಿಸಲು ನೋಡುತ್ತಿದ್ದಾನೆ, ನೀನು ಇವನನ್ನು ಕರೆದುಕೊಂಡು ಹೋಗು.

ಇಲ್ಲಿ ಬಾಲ್ಸಾ ‘ಆಗಲಿ ಮಹಾರಾಣಿ’ ಅಂತ ತಲೆಬಾಗುವುದಿಲ್ಲ. ಸಿಟ್ಟಾಗುತ್ತಾಳೆ. ಗುಟ್ಟು ಹೇಳಿದ ಮೇಲೆ ನಾನು ಒಲ್ಲೆ ಅಂದರೂ ನೀವು ನನ್ನನ್ನು ಜೀವಂತ ಬಿಡುವುದಿಲ್ಲ, ಅಲ್ವಾ ಎಂಬುದು ಅವಳಿಗೆ ತಕ್ಷಣ ಹೊಳೆಯುತ್ತದೆ. ಹಾಗೆ ಸಿಕ್ಕಿಹಾಕಿಕೊಂಡವಳು, ಆದರೂ ಮನಸ್ಸಿಟ್ಟು ಒಪ್ಪುತ್ತಾಳೆ. ಮೊದಲ ಕಂತು ಮುಗಿಯುವ ಹೊತ್ತಿಗೇ ಈ ಕಥೆಯಲ್ಲಿ ಉಪಕಾರಕ್ಕೂ ಬೆಲೆ ತೆರಬೇಕು ಎಂಬುದು ಗೊತ್ತಾಗಿಬಿಡುತ್ತದೆ.

ಬಾಲ್ಸಾ ಬಗ್ಗೆ ಎಲ್ಲರೂ ಯಾಕಿಷ್ಟು ಮಾತಾಡುತ್ತಾರೆ?

ಅವಳ ವಯಸ್ಸು ಮೂವತ್ತು. ಫ್ಯಾಂಟಸಿ ಅನಿಮೆಯ ನಾಯಕಿಯರೆಲ್ಲ ಶಾಲೆ ಯೂನಿಫಾರ್ಮ್ ಹಾಕಿಕೊಂಡಿರುವಾಗ, ಇವಳ ಮುಖದಲ್ಲಿ ಬಿಸಿಲು, ದಣಿವು, ಕೆಲಸ ಎಲ್ಲ ಕಾಣುತ್ತದೆ. ದುಡ್ಡಿನ ಲೆಕ್ಕ ಗೊತ್ತು. ಎಲ್ಲಿ ಮಲಗಬೇಕು, ಯಾರನ್ನು ನಂಬಬೇಕು, ಯಾವ ಸಾಮಾನು ಬಿಟ್ಟು ಓಡಬೇಕು ಎಲ್ಲ ಗೊತ್ತು. ಅವಳಲ್ಲಿ ಮಾಯಾಶಕ್ತಿ ಒಂದೂ ಇಲ್ಲ. ಇರುವುದು ಒಂದು ಈಟಿ, ಜೊತೆಗೆ ಒಂದು ಹಠ: ಯಾರನ್ನೂ ಕೊಲ್ಲದೆ ಎಂಟು ಜೀವ ಉಳಿಸಬೇಕು.

ಯಾಕೆ ಎಂಟು? ಅವಳನ್ನು ಸಾಕಿದ ಜಿಗುರೊ, ಅವಳ ಜೀವ ಉಳಿಸಲು ಎಂಟು ಜನರನ್ನು ಕೊಂದಿದ್ದ. ಆ ಎಂಟೂ ಜನ ಯಾರು ಎಂಬುದನ್ನು ಸರಣಿ ತುಂಬಾ ತಡವಾಗಿ, 21ನೇ ಕಂತಿನಲ್ಲಿ ಬಿಡಿಸಿ ಹೇಳುತ್ತದೆ. ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಆದರೆ ಅಲ್ಲಿಗೆ ಬಂದಾಗ, ಅವಳು ಚಗುಂನನ್ನು ಬೈಯುವಾಗ, ಸುಮ್ನೆ ನೋಡುತ್ತಾ ಕೂರುವಾಗ, ಅವಳ ಮನಸ್ಸಿನಲ್ಲಿ ಏನು ಓಡುತ್ತಿತ್ತು ಅನ್ನೋದು ಹಿಂದಿನಿಂದ ಅರ್ಥವಾಗುತ್ತಾ ಹೋಗುತ್ತದೆ. ಒಂದು ಕಾಲಕ್ಕೆ ತಾನೇ ಚಗುಂನ ಜಾಗದಲ್ಲಿದ್ದವಳು ಈಗ ಜಿಗುರೊನ ಜಾಗದಲ್ಲಿ ನಿಂತಿದ್ದಾಳೆ. ನನ್ನ ಲೆಕ್ಕದಲ್ಲಿ ಇಡೀ ಸರಣಿ ಇರುವುದೇ ಇದರ ಬಗ್ಗೆ. ರಾಕ್ಷಸ, ಮೊಟ್ಟೆ, ಬರಗಾಲ (ಅವೇನು ಅಂತ ಮುಂದೆ ಹೇಳುತ್ತೇನೆ) ಎಲ್ಲ ಇದಕ್ಕೆ ನೆಪ.

ಫೈಟ್ ಇದೆಯಾ?

ಇದೆ. ಕಡಿಮೆ ಇದೆ. ಇರುವಷ್ಟು ಅದ್ಭುತವಾಗಿದೆ.

ಮೂರನೇ ಕಂತು ನೋಡಿ. ಮಿಕಾದೊ ಕಳಿಸಿದ ನಾಲ್ಕು ಬೇಟೆಗಾರರು ಗದ್ದೆ ಬಯಲಿನಲ್ಲಿ ಬಾಲ್ಸಾಳನ್ನು ಅಡ್ಡಗಟ್ಟುತ್ತಾರೆ. ನಾಲ್ವರೂ ಕತ್ತಿ ಕೆಲಸದಲ್ಲಿ ಪಳಗಿದವರು, ಇವಳು ಒಬ್ಬಳು. ಯಾರೂ ಗಾಳಿಯಲ್ಲಿ ಹಾರುವುದಿಲ್ಲ, ಯಾರೂ ತಮ್ಮ ವರಸೆಯ ಹೆಸರು ಕೂಗುವುದಿಲ್ಲ. ಈಟಿಯ ಉದ್ದ ಎಲ್ಲಿ ಅನುಕೂಲ, ಎಲ್ಲಿ ತೊಂದರೆ ಎಂಬುದು ನಮ್ಮ ಕಣ್ಣಿಗೇ ತಿಳಿಯುವ ಹಾಗೆ ಚಿತ್ರಿಸಿದ್ದಾರೆ. ಅವಳ ಗಮನ ಎದುರಿಗಿದ್ದವನ ಮೇಲೆ ಮಾತ್ರ ಇದ್ದರೆ ಸಾಲದು, ಚಗುಂ ಎಲ್ಲಿದ್ದಾನೆ ಅಂತಲೂ ನೋಡಬೇಕು. ಕೊಲ್ಲುವ ಹಾಗೂ ಇಲ್ಲ. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ನಡೆಯುವ ಹೊಡೆದಾಟ ಅದು.

ನನಗೆ ಜಾಸ್ತಿ ಹಿಡಿಸಿದ್ದು ಅದರ ನಂತರದ ಭಾಗ. ಬಾಲ್ಸಾಗೆ ಜೋರು ಗಾಯವಾಗುತ್ತದೆ. ಮುಂದಿನ ಕಂತಿಗೆ ಅದು ಮಾಯವಾಗಿರುವುದಿಲ್ಲ. ಗಿಡಮೂಲಿಕೆ ವೈದ್ಯ ಟಂಡಾ, ಅವಳ ಬಾಲ್ಯದ ಗೆಳೆಯ, ಬೈದುಕೊಂಡೇ ಚಿಕಿತ್ಸೆ ಮಾಡುತ್ತಾನೆ. ಅವಳು ಹಾಸಿಗೆ ಹಿಡಿಯುತ್ತಾಳೆ. ಹಾಳಾದ ಈಟಿಯ ಕಥೆ ಎಂಟನೇ ಕಂತಿನವರೆಗೂ ಹಿಂದೆ ಬರುತ್ತದೆ.

ಮೊದಲ ಐದಾರು ಕಂತು ಆದ ಮೇಲೆ ಬೋರ್ ಹೊಡೆಯುತ್ತೆ ಅಂತಾರೆ. ನಿಜವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು.

ಆರನೇ ಕಂತಿನ ಹೊತ್ತಿಗೆ ಬಾಲ್ಸಾ ಮತ್ತು ಚಗುಂ ಸತ್ತೇಹೋದರು ಅಂತ ಅರಮನೆ ನಂಬುತ್ತದೆ. ಬೆನ್ನಟ್ಟುವವರು ಇಲ್ಲ. ಇಬ್ಬರೂ ಒಂದು ಹಳ್ಳಿಯ ಅಂಚಿನಲ್ಲಿ, ನೀರಿನಿಂದ ತಿರುಗುವ ಹಳೆಯ ಗಿರಣಿಯಲ್ಲಿ ಮನೆ ಮಾಡುತ್ತಾರೆ. ಅಲ್ಲಿಂದ ಸುಮಾರು ಕಂತುಗಳವರೆಗೆ ‘ಕಥೆ ಮುಂದೆ ಹೋಗುವುದಿಲ್ಲ’. ರಾಜಕುಮಾರ ಹಳ್ಳಿ ಹುಡುಗರ ಜೊತೆ ಬೆರೆಯಲು ಕಲಿಯುತ್ತಾನೆ. ಹಬ್ಬದಲ್ಲಿ ಕುಸ್ತಿಗೆ ಇಳಿಯುತ್ತಾನೆ. ಬಾಲ್ಸಾಗೆ ನೆರವಾಗುವ ತೋಯಾ ಮತ್ತು ಸಾಯಾ ಎಂಬ ಇಬ್ಬರು ಅನಾಥ ಮಕ್ಕಳ ಪಾಡು ತೆರೆದುಕೊಳ್ಳುತ್ತದೆ.

ಬೆನ್ನಟ್ಟುವ ಕಥೆ ಅಂತ ನೋಡಲು ಕೂತವರಿಗೆ ಇಲ್ಲಿ ತಾಳ್ಮೆ ಕೆಡುತ್ತದೆ, ಒಪ್ಪುತ್ತೇನೆ. ಆದರೆ ಈ ಭಾಗ ಇಲ್ಲದಿದ್ದರೆ ಕೊನೆಯ ಕಂತುಗಳಿಗೆ ಬೆಲೆಯೇ ಇಲ್ಲ. ಅರಮನೆಯಲ್ಲಿ ಬೆಳೆದ ಚಗುಂ ಮೊದಲಿಗೆ ಪಾಪದ ಹುಡುಗ, ಅಷ್ಟೇ. ಗಿರಣಿಯ ತಿಂಗಳುಗಳು ಕಳೆದ ಮೇಲೆ ಅವನು ನಮಗೆ ಪರಿಚಯದ ಹುಡುಗ. ಅವನಿಗೆ ಏನಾದರೂ ಆದೀತು ಅನ್ನುವ ಭಯ ಹುಟ್ಟುವುದು ಆಗಲೇ. ಮೂಲ ಕಾದಂಬರಿ ಚಿಕ್ಕದು. 26 ಕಂತು ತುಂಬಿಸಲು ಕಾಮಿಯಾಮಾ ತಂಡ ಸೇರಿಸಿದ್ದರಲ್ಲಿ ಹೆಚ್ಚಿನದು ಇಲ್ಲೇ ಇದೆ. ತುಂಬಿಸಲು ಸೇರಿಸಿದ್ದೇ ಸರಣಿಯ ಜೀವವಾಗಿಬಿಟ್ಟಿದ್ದು ವಿಚಿತ್ರ.

ಒಂದೇ ಉದಾಹರಣೆ ಕೊಡಬೇಕೆಂದರೆ ಎಂಟನೇ ಕಂತು, ‘ಕತ್ತಿ ಕಮ್ಮಾರ’. ಬಾಲ್ಸಾ ತನ್ನ ಈಟಿ ಸರಿಮಾಡಿಸಲು ಒಬ್ಬ ನುರಿತ ಕಮ್ಮಾರನ ಬಳಿ ಹೋಗುತ್ತಾಳೆ. ಅಲ್ಲಿಗೇ ಅವಳ ಜೊತೆ ಹೊಡೆದಾಡಿದ ಬೇಟೆಗಾರರಲ್ಲಿ ಇಬ್ಬರು, ಮೋನ್ ಮತ್ತು ಜಿನ್, ಬರುತ್ತಾರೆ. ಅವಳು ಪಕ್ಕದಲ್ಲೇ ಮರೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ. ಇಡೀ ಕಂತಿನಲ್ಲಿ ಕತ್ತಿ ಒರೆಯಿಂದ ಹೊರಬಂದು ಬೀಸುವ ಮಾತೇ ಇಲ್ಲ. ಮುದುಕ ಕಮ್ಮಾರ ಮಾತಾಡುತ್ತಾನೆ, ಅವರು ಕೇಳುತ್ತಾರೆ, ಇವಳೂ ಕೇಳುತ್ತಾಳೆ. ಅಲಗಿನ ಮೇಲಿನ ಏಟು ನೋಡಿದರೆ ಸಾಕು, ಎಂಥ ಹೊಡೆದಾಟ ನಡೆದಿದೆ ಅಂತ ಓದಬಲ್ಲವನು ಅವನು. ಯಾರಿಗೆ ಆಯುಧ ಮಾಡಿಕೊಡಬೇಕು, ಯಾರಿಗೆ ಕೊಡಬಾರದು ಎಂಬ ಲೆಕ್ಕಾಚಾರ ಆ ಮಾತಿನಲ್ಲೇ ನಡೆಯುತ್ತಿರುತ್ತದೆ. ಉಸಿರು ಬಿಗಿಹಿಡಿದು ನೋಡಿಸುತ್ತದೆ. ನಿಮಗೆ ಈ ಕಂತೂ ಬೋರ್ ಅನಿಸಿದರೆ ಸರಣಿ ನಿಮಗಲ್ಲ, ಧಾರಾಳವಾಗಿ ಅಲ್ಲಿಗೇ ನಿಲ್ಲಿಸಿ.

ವಿಲನ್ ಯಾರು?

ಇಲ್ಲ ಅಂತಲೇ ಹೇಳಬೇಕು. ಬೇಟೆಗಾರರು ಕ್ರೂರಿಗಳಲ್ಲ. ಆಜ್ಞೆ ಬಂದಿದೆ, ಪಾಲಿಸುತ್ತಿದ್ದಾರೆ. ಮಗನನ್ನೇ ಕೊಲ್ಲಿಸಲು ಹೊರಟ ಮಿಕಾದೊ ಕೂಡ ಹಲ್ಲು ಕಡಿಯುವ ದುಷ್ಟ ರಾಜ ಅಲ್ಲ, ತಾನು ಕೂತ ಸಿಂಹಾಸನದ ಪುರಾಣಕ್ಕೆ ತಾನೇ ಸಿಕ್ಕಿಬಿದ್ದವನು. ಇನ್ನೊಬ್ಬ ಶುಗಾ. ಅರಮನೆಯ ನಕ್ಷತ್ರ ಓದುವ ಪಂಡಿತರಲ್ಲಿ ಕಿರಿಯ, ಜಾಣ, ಚಗುಂಗೆ ಪಾಠ ಹೇಳಿಕೊಟ್ಟವನು. ಅವನು ನೆಲಮಾಳಿಗೆಯಲ್ಲಿ ಹಳೆಯ ಕಲ್ಲಿನ ಫಲಕಗಳನ್ನು ಓದುತ್ತಾ ಓದುತ್ತಾ, ತಾನು ಕಲಿತದ್ದರಲ್ಲಿ ಎಷ್ಟು ಸುಳ್ಳಿದೆ ಅಂತ ಒಂದೊಂದೇ ಸಾಲಿನಲ್ಲಿ ಕಂಡುಕೊಳ್ಳುತ್ತಾನೆ.

ಉಳಿದದ್ದು ರರುಂಗಾ, ಚಗುಂ ಮೈಯಲ್ಲಿರುವ ಮೊಟ್ಟೆಯನ್ನು ತಿನ್ನಲು ಬರುವ ಪ್ರಾಣಿ. ಅದನ್ನು ದುಷ್ಟ ಅನ್ನುವ ಹಾಗಿಲ್ಲ. ಅದಕ್ಕೆ ಹಸಿವು, ಅಷ್ಟೇ.

ಸಾಗು, ನಯುಗು, ಯಾಕು… ಹೆಸರುಗಳೇ ತಲೆಗೆ ಹೋಗುತ್ತಿಲ್ಲ. ಸ್ವಲ್ಪ ಬಿಡಿಸಿ ಹೇಳಿ.

ಸಾಗು ಅಂದರೆ ನಮ್ಮ ಕಣ್ಣಿಗೆ ಕಾಣುವ ಲೋಕ. ನಯುಗು ಅಂದರೆ ಕಾಣದ ಲೋಕ. ಅದು ಆಕಾಶದಲ್ಲೋ ಪಾತಾಳದಲ್ಲೋ ಇಲ್ಲ, ಇದೇ ಜಾಗದಲ್ಲಿ ಇದರ ಜೊತೆಗೇ ಇದೆ. ನೀವು ನಿಂತ ಗದ್ದೆಯ ಜಾಗದಲ್ಲೇ ಅಲ್ಲಿ ಆಳವಾದ ನೀರಿರಬಹುದು. ಯಾಕು ಜನ ಆ ನೆಲದ ಮೂಲನಿವಾಸಿಗಳು. ಯೊಗೊ ಜನ ಆಮೇಲೆ ಕಡಲು ದಾಟಿ ಬಂದು ರಾಜ್ಯ ಕಟ್ಟಿದವರು. ಟಂಡಾನ ಗುರು ತೊರೊಗಾಯ್ ಎಂಬ ಮುದುಕಿ ಯಾಕು ಮಾಂತ್ರಿಕಳು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ನನ್ನ ಅಚ್ಚುಮೆಚ್ಚಿನ ಪಾತ್ರ.

ರಾಜ್ಯದ ಸ್ಥಾಪಕ ತೊರುಗಾಲ್ ನೀರಿನ ರಾಕ್ಷಸನನ್ನು ಎಂಟು ವೀರರ ಜೊತೆ ಸೇರಿ ಕೊಂದು ನಾಡು ಉಳಿಸಿದ ಎಂಬುದು ಅರಮನೆಯ ಕಥೆ. ಯಾಕು ಜನರ ಹಾಡು, ಹಬ್ಬ, ನೆನಪಿನಲ್ಲಿ ಉಳಿದದ್ದು ಬೇರೆಯೇ. ನೂರು ವರ್ಷಕ್ಕೊಮ್ಮೆ ನೀರಿನ ದೇವತೆ ಮೊಟ್ಟೆ ಇಡುತ್ತದೆ, ಅದು ಒಡೆದು ಮರಿಯಾದರೆ ಮಳೆ, ಇಲ್ಲದಿದ್ದರೆ ಬರ. ಆ ಮೊಟ್ಟೆಯನ್ನು ಹೊರುವುದು ಒಬ್ಬ ಮನುಷ್ಯ. ಹಾಗಾದರೆ ಚಗುಂನನ್ನು ಕೊಂದರೆ ಏನಾಗುತ್ತದೆ, ಯೋಚಿಸಿ. ತಮಾಷೆ ಏನೆಂದರೆ ಯಾಕು ಜನರೂ ಯೊಗೊ ಜನರ ಜೊತೆ ಬೆರೆತು ಬೆರೆತು ಅರ್ಧ ಮರೆತಿದ್ದಾರೆ. ತೊರೊಗಾಯ್‌ಗೂ ಎಲ್ಲ ಗೊತ್ತಿಲ್ಲ. ಹೀಗಾಗಿ ಅರಮನೆಯ ಕಡೆಯಿಂದ ಶುಗಾ, ಕಾಡಿನ ಕಡೆಯಿಂದ ತೊರೊಗಾಯ್, ಇಬ್ಬರೂ ಅರ್ಧರ್ಧ ಸತ್ಯ ಹಿಡಿದುಕೊಂಡು ಹುಡುಕುತ್ತಾರೆ.

ಉಯೆಹಾಶಿ ವೃತ್ತಿಯಿಂದ ಮಾನವಶಾಸ್ತ್ರಜ್ಞೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಅಧ್ಯಯನ ಮಾಡಿದವರು. ಗೆದ್ದವರು ಬರೆಸಿದ ಚರಿತ್ರೆಗೂ ಸೋತವರ ಹಾಡಿಗೂ ನಡುವಿನ ಈ ಜಗ್ಗಾಟ ಅವರಿಗೆ ಪುಸ್ತಕದ ವಿಷಯ ಮಾತ್ರ ಆಗಿರಲಿಲ್ಲ. ಯಾಕು ಹಳ್ಳಿಯ ದೃಶ್ಯಗಳಲ್ಲಿ ಅದು ಕಾಣುತ್ತದೆ.

ಇಷ್ಟು ಚೆನ್ನಾಗಿದ್ದರೆ ಯಾಕೆ ಹೆಸರಾಗಲಿಲ್ಲ?

ಗ್ರಹಚಾರ ಅಂತ ಕೈತೊಳೆದುಕೊಳ್ಳಬಹುದು. ಆದರೆ ಕಾರಣಗಳು ಕಣ್ಣೆದುರಿಗೇ ಇವೆ.

ಅಮೆರಿಕದಲ್ಲಿ ಇದರ ಹಕ್ಕು ಪಡೆದಿದ್ದ ಜೆನಿಯೊನ್ ಕಂಪನಿ 2007ರಲ್ಲೇ ಅಲ್ಲಿನ ವ್ಯವಹಾರ ನಿಲ್ಲಿಸಿತು. ಮುಂದೆ ಮೀಡಿಯಾ ಬ್ಲಾಸ್ಟರ್ಸ್ ಎಂಬ ಇನ್ನೊಂದು ಕಂಪನಿಯ ಕೈಗೆ ಬಂತು. 2008ರಲ್ಲಿ ಅಲ್ಲಿನ ಅಡಲ್ಟ್ ಸ್ವಿಮ್ ಟಿವಿಯಲ್ಲಿ ತಡರಾತ್ರಿ ಹಾಕಿದರು, ಅರ್ಧಕ್ಕೇ ತೆಗೆದರು, ಮುಂದಿನ ವರ್ಷ ಮತ್ತೆ ಹಾಕಿದರು. ಆ ದಿನಗಳಲ್ಲಿ ಜಪಾನಿನ ಹೊರಗೆ ಒಂದು ಅನಿಮೆ ಹೆಸರಾಗುವುದಕ್ಕೆ ಅಮೆರಿಕದ ಟಿವಿ ಮತ್ತು ಡಿವಿಡಿ ದೊಡ್ಡ ದಾರಿ. ಆ ದಾರಿಯೇ ಕಡಿದುಹೋಯಿತು. ಅದೇ ಹೊತ್ತಿಗೆ ‘ಡೆತ್ ನೋಟ್’, ‘ಗುರೆನ್ ಲಗಾನ್’ ಎಂಬ ಅನಿಮೆಗಳು ಸದ್ದು ಮಾಡುತ್ತಿದ್ದವು. ಮೂವತ್ತರ ಹೆಂಗಸು ಗದ್ದೆ ಬದುವಿನಲ್ಲಿ ನಡೆಯುವ ಕಥೆಯನ್ನು ಪೋಸ್ಟರ್‌ನಲ್ಲಿ ಮಾರುವುದಾದರೂ ಹೇಗೆ?

ಇನ್ನೊಂದು ಕಾರಣ, ಇದರಲ್ಲಿ ಕತ್ತರಿಸಿ ಹಂಚಲು ಏನೂ ಸಿಗುವುದಿಲ್ಲ. ಮೂರನೇ ಕಂತಿನ ಹೊಡೆದಾಟ ಬಿಟ್ಟರೆ ಅರ್ಧ ನಿಮಿಷದ ಕ್ಲಿಪ್ ಆಗುವಂಥ ದೃಶ್ಯ ಕಡಿಮೆ. ಅದರ ಸೊಗಸೆಲ್ಲ ನಿಧಾನವಾಗಿ ಕೂಡಿಕೊಳ್ಳುವುದು.

ಹೊಗಳಿದ್ದು ಸಾಕು. ಕೊರತೆ ಏನೂ ಇಲ್ವಾ?

ಇದೆ. ಶುಗಾ ಫಲಕ ಓದುವ ಭಾಗ ಎಳೆದಾಡಿದ್ದಾರೆ. ಒಬ್ಬ ಮನುಷ್ಯ ಕತ್ತಲೆಯಲ್ಲಿ ಕಲ್ಲು ಓದುವುದನ್ನು ಎಷ್ಟು ಸಲ ತೋರಿಸಬಹುದು? ಕಂಪ್ಯೂಟರಿನಲ್ಲಿ ಮಾಡಿದ ಕೆಲವು ಚಿತ್ರಗಳಿಗೆ ಈಗ ವಯಸ್ಸಾಗಿದೆ, ಕೈಯಲ್ಲಿ ಬರೆದ ಹಿನ್ನೆಲೆಯ ಪಕ್ಕದಲ್ಲಿ ಎದ್ದು ಕಾಣುತ್ತವೆ. ರರುಂಗಾ ಬರುತ್ತದೆ, ಬರುತ್ತದೆ ಅಂತ ಕಟ್ಟಿದ ನಿರೀಕ್ಷೆಗೆ ಅದು ಬಂದಾಗಿನ ದೃಶ್ಯ ಸಾಟಿಯಾಗುವುದಿಲ್ಲ. ಮಾತು ಕೆಲವೊಮ್ಮೆ ಜಾಸ್ತಿ. ಚಿತ್ರವೇ ಹೇಳಿದ್ದನ್ನು ಪಾತ್ರಗಳು ಮತ್ತೊಮ್ಮೆ ವಿವರಿಸುತ್ತವೆ.

ಬಾಲ್ಸಾ ಮತ್ತು ಟಂಡಾ ನಡುವಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿಸಲೇ ಇಲ್ಲ ಅಂತ ಕೆಲವರ ದೂರು. ನನಗೆ ಅದು ಕೊರತೆ ಅನಿಸಿಲ್ಲ. ಅವನು ಅವಳ ಗಾಯ ಕಟ್ಟುವ ರೀತಿಯಲ್ಲೇ ಎಲ್ಲ ಇದೆ.

ಮನೆ ಮಕ್ಕಳ ಜೊತೆ ಕೂತು ನೋಡಬಹುದಾ?

ಹತ್ತು ಹನ್ನೆರಡು ವಯಸ್ಸಿನವರ ಜೊತೆ ನೋಡಬಹುದು. ಮೂಲ ಪುಸ್ತಕವೇ ಮಕ್ಕಳ ಸಾಹಿತ್ಯ. ಕೆಲವು ಹೊಡೆದಾಟಗಳಲ್ಲಿ ರಕ್ತ ಇದೆ, ಜಿಗುರೊನ ಹಿಂದಿನ ಕಥೆ ಮನಸ್ಸಿಗೆ ಭಾರ. ಚಿಕ್ಕವರಿಗೆ ರರುಂಗಾ ಹೆದರಿಕೆ ಹುಟ್ಟಿಸಬಹುದು. ಮುಜುಗರ ಪಡುವಂಥದ್ದು ಏನೂ ಇಲ್ಲ. ಅನಿಮೆ ಅಂದರೆ ಮುಖ ಸಿಂಡರಿಸುವ ಅತ್ತೆ, ಚಿಕ್ಕಪ್ಪಂದಿರನ್ನೂ ಜೊತೆಗೆ ಕೂರಿಸಿಕೊಳ್ಳಬಹುದಾದ ಸರಣಿ ಇದು.

ಜಪಾನಿ ಧ್ವನಿಯಲ್ಲೋ, ಇಂಗ್ಲಿಷ್ ಡಬ್ಬಿಂಗೋ? ಕನ್ನಡದಲ್ಲಿ ಇದೆಯಾ?

ಕನ್ನಡದಲ್ಲಿ ಇಲ್ಲ. ನನ್ನ ಓಟು ಜಪಾನಿ ಧ್ವನಿಗೆ, ಮುಖ್ಯವಾಗಿ ಚಗುಂಗಾಗಿ. ಅವನಿಗೆ ಧ್ವನಿ ಕೊಟ್ಟದ್ದು ನಾವೊತೊ ಆದಾಚಿ ಎಂಬ ಹುಡುಗನೇ. ದೊಡ್ಡವರು ಮಗುವಿನ ದನಿ ಮಾಡಿದ್ದಲ್ಲ. ಸಿಟ್ಟು ಬಂದಾಗ, ಅಳು ತಡೆದುಕೊಂಡಾಗ ಆ ದನಿ ಒಡೆಯುವುದು ನಟನೆ ಅನಿಸುವುದೇ ಇಲ್ಲ. ಇಂಗ್ಲಿಷ್‌ನಲ್ಲಿ ಬಾಲ್ಸಾ ಆಗಿರುವ ಸಿಂಡಿ ರಾಬಿನ್ಸನ್ ಕೂಡ ಚೆನ್ನಾಗಿ ಮಾಡಿದ್ದಾರೆ. ಸಬ್‌ಟೈಟಲ್ ಬೇಗ ಓದಲು ಕಷ್ಟಪಡುವವರು ಮನೆಯಲ್ಲಿದ್ದರೆ ಅದನ್ನೇ ಹಾಕಿ, ನಷ್ಟವಿಲ್ಲ.

ಎರಡನೇ ಸೀಸನ್ ಯಾವಾಗ?

ಬಂದಿಲ್ಲ. ಪುಸ್ತಕದ ಸರಣಿಯಲ್ಲಿ ಮುಖ್ಯ ಸಂಪುಟಗಳು ಹತ್ತು. ಅನಿಮೆ ಆದದ್ದು ಮೊದಲನೆಯದು ಮಾತ್ರ. ಹಾಗಂತ ಅರ್ಧಕ್ಕೆ ನಿಂತ ಹಾಗೆ ಅನಿಸುವುದಿಲ್ಲ, ಈ ಕಥೆ ಪೂರ್ತಿ ಮುಗಿಯುತ್ತದೆ.

ಮುಂದೇನಾಯಿತು ತಿಳಿಯಬೇಕೆಂದರೆ ಎರಡು ದಾರಿ. ಒಂದು, ಕಾದಂಬರಿ. ಮೊದಲ ಎರಡು ಸಂಪುಟ ಇಂಗ್ಲಿಷ್‌ನಲ್ಲಿ ಕ್ಯಾಥಿ ಹಿರಾನೊ ಅನುವಾದದಲ್ಲಿ ಸಿಗುತ್ತವೆ. ಮೊದಲನೆಯದಕ್ಕೆ 2009ರಲ್ಲಿ, ಅನುವಾದವಾದ ಮಕ್ಕಳ ಪುಸ್ತಕಕ್ಕೆ ಕೊಡುವ ಅಮೆರಿಕದ ಬ್ಯಾಚೆಲ್ಡರ್ ಪ್ರಶಸ್ತಿ ಬಂತು. ಉಯೆಹಾಶಿ ಅವರಿಗೆ 2014ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯೂ ಬಂತು, ಮಕ್ಕಳ ಸಾಹಿತ್ಯದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಎರಡನೇ ಸಂಪುಟದಲ್ಲಿ ಬಾಲ್ಸಾ ತನ್ನ ಹುಟ್ಟೂರಿಗೆ ಹೋಗುತ್ತಾಳೆ. ಜಿಗುರೊ ಕಥೆ ಹಿಡಿಸಿದವರು ಬಿಡಬೇಡಿ. ಇನ್ನೊಂದು ದಾರಿ, 2016ರಿಂದ 2018ರವರೆಗೆ ಎನ್‌ಎಚ್‌ಕೆ ಮಾಡಿದ ಟಿವಿ ನಾಟಕ. ನಟರೇ ಮಾಡಿದ್ದು, ಅನಿಮೆ ಅಲ್ಲ. ಬಾಲ್ಸಾ ಪಾತ್ರ ಹಾರುಕಾ ಆಯಾಸೆ ಅವರದ್ದು. ಅದರಲ್ಲಿ ಕಥೆ ಮುಂದಕ್ಕೆ ಹೋಗುತ್ತದೆ. ಆದರೆ ಅನಿಮೆಯ ಸಾವಧಾನ ಅದರಲ್ಲಿ ನನಗೆ ಕಾಣಲಿಲ್ಲ.

ಕೊನೆ ಹೇಗಿದೆ? ಖುಷಿಯಾಗಿ ಮುಗಿಯುತ್ತಾ?

ಇಲ್ಲಿ ಸ್ಪಾಯ್ಲರ್ ಇದೆ. ಬೇಡದವರು ಮುಂದಿನ ಪ್ರಶ್ನೆಗೆ ಹೋಗಿ.

ಚಗುಂ ಬದುಕುತ್ತಾನೆ. ಆದರೆ ಅವನ ಅಣ್ಣ ಸಾಗುಂ ಕಾಯಿಲೆಯಿಂದ ತೀರಿಕೊಂಡಿದ್ದಾನೆ, ಹಾಗಾಗಿ ಚಗುಂ ಈಗ ಯುವರಾಜ. ಕೊಲ್ಲಲು ಹೊರಟಿದ್ದ ಅರಮನೆಯೇ ಅವನನ್ನು ಪಲ್ಲಕ್ಕಿ ಕಳಿಸಿ ಕರೆಸಿಕೊಳ್ಳುತ್ತದೆ. ಅವನಿಗೆ ಗಿರಣಿಯ ಬದುಕು ಬೇಕು, ಸಿಗುವುದು ಸಿಂಹಾಸನ. ಗೆದ್ದ ಮೇಲೂ ಬಾಲ್ಸಾ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅವನನ್ನು ಬಿಟ್ಟುಕೊಡಬೇಕು. ಹೀಗಾಗಿ ಖುಷಿ ಅಂತ ಹೇಳಲಾರೆ, ದುಃಖ ಅಂತಲೂ ಹೇಳಲಾರೆ. ಬೀಳ್ಕೊಡುವ ದೃಶ್ಯ ಬರೆದವರು ಕಣ್ಣೀರಿಗೆ ಒತ್ತಾಯ ಮಾಡಿಲ್ಲ. ಹುಡುಗ ಎಷ್ಟು ಬೆಳೆದಿದ್ದಾನೆ ಅಂತ ಬಾಲ್ಸಾಗೆ ಗೊತ್ತಾಗುವುದು ಅವನು ಗಲಾಟೆ ಮಾಡದೆ ಹೊರಟಾಗ.

ಇದು ಹಿಡಿಸಿದರೆ ಮುಂದೆ ಏನು ನೋಡಲಿ?

ಉಯೆಹಾಶಿ ಅವರದೇ ಇನ್ನೊಂದು ಕಥೆ ‘ಕೆಮೊನೊ ನೊ ಸೋಜಾ ಎರಿನ್’, 2009ರದ್ದು, 50 ಕಂತು. ಇದಕ್ಕಿಂತಲೂ ಕಡಿಮೆ ಜನ ನೋಡಿದ್ದಾರೆ ಅಂತ ನನ್ನ ಅನುಮಾನ. ಚಿತ್ರ ನೋಡಿದರೆ ಪುಟ್ಟ ಮಕ್ಕಳ ಕಾರ್ಟೂನ್ ಹಾಗಿದೆ, ಒಳಗಿರುವುದು ಪ್ರಾಣಿಗಳನ್ನು ಯುದ್ಧಕ್ಕೆ ಪಳಗಿಸುವ ರಾಜ್ಯಗಳ ಕಥೆ. ಮೊದಲ ಏಳು ಕಂತು ನೋಡಿ ಆಮೇಲೆ ತೀರ್ಮಾನಿಸಿ. ಎರಡನ್ನೂ ಒಟ್ಟಿಗೆ ಶುರುಮಾಡಬೇಡಿ, ಮೊರಿಬಿಟೊ ಮೊದಲು ಮುಗಿಸಿ. ದಿನಕ್ಕೆ ಎರಡು ಕಂತು ಸಾಕು. ಒಂದೇ ವಾರಾಂತ್ಯದಲ್ಲಿ ಓಡಿಸಿದರೆ ಗಿರಣಿಯ ಕಂತುಗಳು ಖಂಡಿತ ಬೋರ್ ಹೊಡೆಯುತ್ತವೆ.